ನಲವತ್ತು ಸರಿ ತಲೆಗಳು

ಸಂಕ್ರಾಂತಿ ಕಳೆದು ಎಂಟನೆಯ ದಿನ. ಮುಂಜಾನೆಯ ಚಳಿ ಇನ್ನೂ ಬಿಟ್ಟಿರಲಿಲ್ಲ, ಬಿಸಿಲು ಎದುರಿನ ಮಾಳಿಗೆ ಮನೆಯ ಗೋಡೆಯ ಅರ್ಧಕ್ಕೆ ಇಳಿದಿತ್ತು. ನಾನು ಅಂಗಡಿಯ ಒಂದು ಬಾಗಿಲು ತೆರೆದು ಹೊಲಿಗೆ ಮಿಷನ್ನಿಗೆ ಎಣ್ಣೆ ಬಿಡುತ್ತಿದ್ದೆ. ಆ ಹೊತ್ತಿಗೆ ಡಾಕ್ಟರ್ ಇಂದುಮತಿ ಬಾಯಾರು ಬಂದು ಕಟ್ಟೆಯ ಕೆಳಗೆ ನಿಂತರು. ಅವರು ಊರಿಗೆ ಬಂದು ಇನ್ನೂ ಹದಿನೈದು ದಿನ ಆಗಿರಲಿಲ್ಲ. ಮೊದಲು ಹತ್ತಿ ತೂಗುತ್ತಿದ್ದ ಉದ್ದನೆಯ ಮನೆಯೊಂದನ್ನು ಬಾಡಿಗೆಗೆ ಹಿಡಿದು, ಸುಣ್ಣ ಬಳಿಸಿ, ಪೆಟ್ಟಿಗೆಗಳನ್ನು ಇಳಿಸಿಕೊಂಡಿದ್ದರು. ಪೆಟ್ಟಿಗೆಗಳಲ್ಲಿ ಏನಿದೆ ಎಂದು ಊರಿಗೆ ಗೊತ್ತಿರಲಿಲ್ಲ.

"ಟೇಲರ್ರ, ಒಂದು ಟೊಪಗಿ ಹೊಲಿದು ಕೊಡಬೇಕು. ಅದಕ್ಕ ಹತ್ತೊಂಬತ್ತು ತೂತಿರಬೇಕು" ಎಂದರು.

"ತೂತಿನ ಟೊಪಗಿ ಯಾರ ತಲಿಗ್ರಿ?"

"ಊರಿನ ತಲಿಗೆ."

ನಮ್ಮ ಊರಿನಲ್ಲಿ ಯಾರ ಮುಂದೆಯೂ ತುಂಬಿದ ಲೋಟ ಇಡುವುದಿಲ್ಲ. ಅರ್ಧ ತುಂಬಿಸಿ, ಮೇಲೊಂದು ಮುಚ್ಚಳ ಇಟ್ಟು ಕೊಡುತ್ತೇವೆ. ತಲೆಯ ಸಮೀಪ ಬಂದ ನೀರು ನಮ್ಮಲ್ಲಿ ಸುಮ್ಮನಿರುವುದಿಲ್ಲ. ಆ ತಲೆಯೊಳಗೆ ಏನು ನಡೆದಿದೆಯೋ ಅದರಂತೆ ಅಲೆ ಏಳುತ್ತದೆ. ಸಿಟ್ಟು ಬಂದವನ ಲೋಟದಲ್ಲಿ ನೀರು ಅಂಚಿಗೆ ಬಡಿಯುತ್ತದೆ, ತೂಕಡಿಸುವವನ ಲೋಟದಲ್ಲಿ ದೊಡ್ಡದಾಗಿ, ನಿಧಾನವಾಗಿ ತೂಗುತ್ತದೆ. ಹೆಣ್ಣು ನೋಡುವ ಮನೆಯಲ್ಲಿ ಎರಡೂ ಕಡೆಯವರ ಲೋಟದ ಮುಚ್ಚಳ ಬಿಗಿಯಾಗಿರಬೇಕು. ಕ್ಷೌರದವನು ನೀರಿನ ಬಟ್ಟಲನ್ನು ಗಿರಾಕಿಯ ಕಾಲ ಹತ್ತಿರ ಇಡುತ್ತಾನೆ. ಕೂಸು ನಿಜವಾಗಿ ಮಲಗಿದೆಯೋ ಸೋಗು ಹಾಕಿದೆಯೋ ಎಂದು ತಾಯಂದಿರು ಅದರ ತಲೆಯ ಹತ್ತಿರ ಒಂದು ಚಮಚ ನೀರು ಹಿಡಿದು ನೋಡುತ್ತಾರೆ. ಹಾಲು ಹೆಚ್ಚು ಹಾಕಿದ ಚಹಾ ಕಡಿಮೆ ಅಲುಗುತ್ತದೆ ಎಂದು ನಮ್ಮ ಹೋಟೆಲುಗಳಲ್ಲಿ ಚಹಾ ಅಷ್ಟು ಗಟ್ಟಿ. ಹೊರಗಿನಿಂದ ಬಂದವರು ಮೊದಲ ಸಲ ಕಂಡು ಹೌಹಾರುತ್ತಾರೆ. ನಮಗೆ ಅದು ಮಳೆ ಬಂದಾಗ ಕೊಡೆ ಬಿಚ್ಚಿದ ಹಾಗೆ.

ಬಾಯಾರು ಬಂದದ್ದು ಆ ಅಲೆಗಳನ್ನು ಅಳೆಯಲು. ನೀರಿನಲ್ಲಿ ಕಾಣುವುದು ಬರೀ ಮೇಲಿನ ಮಾತು, ತಲೆಯ ಯಾವ ಜಾಗದಲ್ಲಿ ಯಾವ ಅಲೆ ಎಷ್ಟಿದೆ ಎಂಬುದು ಅದರಲ್ಲಿ ತಿಳಿಯುವುದಿಲ್ಲ ಎಂದು ಅವರು ಹೇಳುತ್ತಿದ್ದರು. ನಾನು ಬನಿಯನ್ ಬಟ್ಟೆಯಲ್ಲಿ ಟೊಪ್ಪಿಗೆ ಹೊಲಿದೆ. ಹಣೆಯ ಮೇಲೆ, ನಡುನೆತ್ತಿಯಲ್ಲಿ, ಕಿವಿಗಳ ಮೇಲೆ, ಹಿಂದಲೆಯಲ್ಲಿ, ಎಲ್ಲೆಲ್ಲಿ ತೂತು ಬೇಕೆಂದು ಅವರೇ ಸೀಮೆಸುಣ್ಣದಿಂದ ಗುರುತು ಹಾಕಿದರು. ಒಂದೊಂದು ತೂತಿನಲ್ಲಿ ಗುಂಡಿಯಷ್ಟು ಬೆಳ್ಳಿಯ ಬಿಲ್ಲೆ, ಅದಕ್ಕೊಂದು ತಂತಿ, ಬಿಲ್ಲೆಯ ಕೆಳಗೆ ಬಿಳಿ ಅಂಟು. ಟೊಪ್ಪಿಗೆ ಒಂದು ತಲೆಗೆ ಬಿಗಿಯಾಯಿತು, ಇನ್ನೊಂದಕ್ಕೆ ಸಡಿಲಾಯಿತು. ಕೊನೆಗೆ ನಾನು ಐದು ಅಳತೆಯಲ್ಲಿ ಐದು ಹೊಲಿದೆ. ತಲೆಯ ಮೇಲೆ ಟೊಪ್ಪಿಗೆ ಕೂಡಿಸುವುದಕ್ಕೂ ನನ್ನ ಕೈಯೇ ಸರಿ ಎಂದು ಬಾಯಾರು ನನ್ನನ್ನು ಅರ್ಧ ದಿನದ ಕೆಲಸಕ್ಕೆ ಇಟ್ಟುಕೊಂಡರು. ನಾನು ಓದಿದ್ದು ಎರಡನೇ ಇಯತ್ತೆ. ಆದರೆ ಒಮ್ಮೆ ಟೇಪು ಹಿಡಿದ ತಲೆಯ ಅಳತೆ ನನಗೆ ಮರೆಯುವುದಿಲ್ಲ. ಇವತ್ತಿಗೂ ಈ ಊರಿನ ಮುನ್ನೂರು ತಲೆಗಳ ಇಂಚು ಬಾಯಲ್ಲಿ ಹೇಳಬಲ್ಲೆ.

ಮಿಷನ್ನಿನಿಂದ ಒಂದು ಹಾಳೆ ಬರುತ್ತಿತ್ತು. ಹಾಳೆಯ ಮೇಲೆ ಮೇಲಿನಿಂದ ನೋಡಿದ ತಲೆಯ ಚಿತ್ರ, ಅದರಲ್ಲಿ ಬಣ್ಣ. ಅಲೆ ಸರಿ ಇದ್ದ ಜಾಗ ಹಸಿರು, ಹೆಚ್ಚಾದ ಜಾಗ ಕೆಂಪು, ಕಡಿಮೆಯಾದ ಜಾಗ ನೀಲಿ.

"ಹೆಚ್ಚು ಅಂದ್ರ ಯಾರಕಿಂತ ಹೆಚ್ಚ್ರಿ ಬಾಯಾರ?" ಎಂದು ಕೇಳಿದೆ.

ಅವರು ನಕ್ಕರು. "ಅದ ನೋಡ್ರಿ ನನ್ನ ತಲಿನೋವು. ಬ್ಯಾರೆ ಊರಿನ ತಲಿಗಳ ಅಳತಿ ನನ್ನ ಹತ್ರ ಅದ. ಅದಕ್ಕ ಹೋಲಿಸಿದ್ರ ನಿಮ್ಮೂರಾಗ ಎಲ್ಲಾರೂ ಕೆಂಪು. ಈ ಊರಿಗೆ ಈ ಊರಿಂದ ಅಳತಿ ಬೇಕು. ರೋಗ ಇಲ್ಲದ ನಲವತ್ತು ಮಂದಿ ಕರಕೊಂಡು ಬರ್ರಿ. ಅವರ ತಲಿ ಕೂಡಿಸಿ ಸರಿ ತಲಿ ಹೆಂಗಿರತದ ಅಂತ ಗೊತ್ತು ಮಾಡೋಣ. ಆಮ್ಯಾಲೆ ಬ್ಯಾನಿ ಇದ್ದವರನ್ನ ಅದಕ್ಕ ಹೋಲಿಸಿ ನೋಡೋಣ."

ನಲವತ್ತು ಮಂದಿ ಏನು ಮಹಾ ಎಂದುಕೊಂಡೆ. ಆದರೆ ಆ ಕುರ್ಚಿಯಲ್ಲಿ ಹತ್ತು ನಿಮಿಷ ಕಣ್ಣು ಮುಚ್ಚಿ, ಹತ್ತು ನಿಮಿಷ ಕಣ್ಣು ತೆರೆದು ಕೂರಬೇಕು. ಹಲ್ಲು ಕಚ್ಚಬಾರದು, ಹುಬ್ಬು ಎತ್ತಬಾರದು, ಉಗುಳು ನುಂಗಿದರೂ ಹಾಳೆ ಕೆಡುತ್ತದೆ. ಮೊದಲು ಕರೆತಂದ ಹನ್ನೊಂದು ಮಂದಿಯ ಹಾಳೆಗಳೂ ಕೆಟ್ಟವು. ಭಜಿ ಕರಿಯುವ ದುಂಡಪ್ಪ ಆಕಳಿಸಿದ. ಬೀಗರಿಬ್ಬರು ಒಬ್ಬರ ಟೊಪ್ಪಿಗೆ ನೋಡಿ ಒಬ್ಬರು ನಕ್ಕು ಕುರ್ಚಿಯಿಂದ ಇಳಿದರು. ಹನ್ನೊಂದನೆಯವಳು ನಿಂಬೆವ್ವ. ನನ್ನ ಅಂಗಡಿಯ ಎದುರಿಗೆ ಮರಳು ಕಾಸಿ ಚುರುಮುರಿ ಹುರಿದು ಮಾರುತ್ತಿದ್ದಳು. ಮೂವತ್ತು ದಾಟಿದ ವಿಧವೆ, ಬಾಯಿ ಮಾತ್ರ ಹದಿನಾರರದ್ದು.

"ಟೇಲರ್ ಸಾಹೇಬ್ರ, ಇದೇನ್ರಿ, ತಲಿಗೆ ಜರಡಿ ಹೊಲದೀರಿ? ಜಳ್ಳು ಕೆಳಗ ಬೀಳತೈತೇನು?"

"ಮಾತಾಡಬ್ಯಾಡ ನಿಂಬೆವ್ವಾ. ಹಾಳಿ ಕೆಡತೈತಿ."

"ಮಾತಾಡದಿದ್ರ ನಾ ಅದೀನೋ ಸತ್ತೀನೋ ಆ ಮಿಷನ್ನಿಗೆ ಹೆಂಗ ಗೊತ್ತಾಗಬೇಕ್ರಿ?"

ಅವಳ ಹಾಳೆಯಲ್ಲಿ ಇರುವೆ ಗೂಡು ಒಡೆದ ಹಾಗೆ ಗೆರೆ. ಬಾಯಾರು ನಗುತ್ತಲೇ ಅದನ್ನು ಹರಿದು ಹಾಕಿದರು. ಅವಳು ಹೋದ ಮೇಲೆ ಕುರ್ಚಿಗೆ ಒರಗಿ, "ಅಡಿವೆಪ್ಪನವರ, ಸುಮ್ಮನ ಕೂಡೋ ಮಂದಿ ಯಾರೂ ಇಲ್ಲೇನ್ರಿ ಈ ಊರಾಗ?" ಎಂದರು.

"ಅದಾರ್ರಿ. ನಾ ತರತೀನಿ."

ಒಂದು ವಾರದಲ್ಲಿ ತಂದೆ. ಚೌಕದ ಗಡಿಯಾರಕ್ಕೆ ಕೀಲಿ ಕೊಡುವ ಕಾಶಿಂಸಾಬ, ಇಪ್ಪತ್ತೆರಡು ಇಂಚು. ನೂಲು ಸುತ್ತುವ ಸಕ್ರವ್ವ, ಇಪ್ಪತ್ತೊಂದು. ಪಿಂಚಣಿಯ ಪರಪ್ಪ ಮಾಸ್ತರರು, ಇಪ್ಪತ್ತೆರಡೂವರೆ. ಉಗ್ರಾಣ ಕಾಯುವವನು, ಔಷಧಿ ಬೇರು ಮಾರುವವಳು, ಹೀಗೆ ಮೂವತ್ತೊಂಬತ್ತು ಮಂದಿ. ಫೋಟೋಕ್ಕೆ ಕೂತ ಹಾಗೆ ಕೂತರು. ಒಬ್ಬರೂ ಏಕೆ, ಏನು ಎಂದು ಕೇಳಲಿಲ್ಲ. ಟೊಪ್ಪಿಗೆ ತೆಗೆದ ಮೇಲೂ ಕೆಲವರು ಹಾಗೇ ಕೂತಿದ್ದರು, ಏಳಿರಿ ಎಂದು ನಾನೇ ಹೇಳಬೇಕಾಯಿತು. ನಲವತ್ತನೆಯವನು ಸಿಗಲಿಲ್ಲ. "ನೀವ ಕೂಡ್ರಿ" ಎಂದರು ಬಾಯಾರು. ಕೂತೆ. ನನ್ನ ಹಾಳೆ ಎಲ್ಲಕ್ಕಿಂತ ಸ್ವಚ್ಛ ಬಂದಿದೆ ಎಂದರು. ನನಗೆ ಹೆಮ್ಮೆಯಾಯಿತು. ಆಗ ನನಗೆ ನಲವತ್ತೊಂದು ವರ್ಷ. ಅಂಗಡಿಯ ಹಿಂದಿನ ಖೋಲಿಯಲ್ಲಿ ಹತ್ತೊಂಬತ್ತು ವರ್ಷದಿಂದ ಒಬ್ಬನೇ ಇದ್ದೆ.

ಮುಂದಿನ ಮಳೆಗಾಲದಲ್ಲಿ ಒಂದು ಸಂಜೆ ಜೋರು ಮಳೆ ಬಂದು ನಿಂಬೆವ್ವನ ಒಲೆ ಆರಿತು. ಚುರುಮುರಿಯ ಚೀಲ ಎತ್ತಿಕೊಂಡು ನನ್ನ ಅಂಗಡಿಗೆ ಓಡಿ ಬಂದಳು. ಕುಡಿಯಲು ನೀರು ಕೊಟ್ಟೆ, ಪದ್ಧತಿಯಂತೆ ಮುಚ್ಚಳ ಇಟ್ಟು. ಅವಳು ಲೋಟವನ್ನು ತನ್ನ ಮುಂದೆ ಇಟ್ಟುಕೊಂಡು, ನನ್ನ ಮುಖವನ್ನೇ ನೋಡುತ್ತ ಮುಚ್ಚಳ ತೆಗೆದಳು. ನಮ್ಮ ಊರಿನಲ್ಲಿ ಹೆಣ್ಣು ಗಂಡಿನ ಮುಂದೆ ಹಾಗೆ ಮಾಡಿದರೆ ಬೇರೆ ಮಾತು ಬೇಕಾಗುವುದಿಲ್ಲ. ನೀರು ಸಣ್ಣಗೆ, ಬಿಡುವಿಲ್ಲದೆ ಕುಣಿಯುತ್ತಿತ್ತು.

"ಮುಚ್ಚಿ ಇಟ್ಟು ಇಟ್ಟು ಸಾಕಾತ್ರಿ" ಎಂದಳು. "ನಿಮ್ಮದೂ ಒಂದು ಲೋಟ ತರ್ರಿ, ನೋಡೋಣ."

ನಾನು ತಂದೆ. ನನ್ನ ನೀರು ಎಣ್ಣೆಯ ಹಾಗೆ ನಿಂತಿತ್ತು. ಅದನ್ನು ನೋಡಿ ಅವಳಿಗೆ ಬೇಜಾರಾಗುತ್ತದೆ ಎಂದುಕೊಂಡೆ. ಅವಳು ಎರಡೂ ಲೋಟಗಳನ್ನು ಜೋಡಿಸಿ ಇಟ್ಟು, "ಇರ್ಲಿ, ಒಬ್ಬರರ ಸುಮ್ಮನ ಇರಬೇಕಲ್ಲ ಮನ್ಯಾಗ" ಎಂದು ನಕ್ಕಳು.

ಮದುವೆಯಾದೆವು. ಅವಳು ಬಂದ ಮೇಲೆ ಆ ಖೋಲಿಯಲ್ಲಿ ಮಾತು ನಿಲ್ಲಲಿಲ್ಲ. ಯಾರ ಮನೆಯಲ್ಲಿ ಏನು ಸಾರು, ಯಾರ ಆಕಳು ಯಾರ ಹಿತ್ತಲಿಗೆ ನುಗ್ಗಿತು, ಬಸ್ಸಿನಿಂದ ಇಳಿದವರು ಯಾರು, ಎಲ್ಲವೂ ಊಟದ ಜೊತೆಗೆ ಬರುತ್ತಿತ್ತು. ನಾನು ಊರಿನ ತಲೆಗಳ ಅಳತೆ ಬಲ್ಲೆ, ಅವಳು ತಲೆಯೊಳಗಿನದನ್ನು ಬಲ್ಲಳು. ನಾನು ಹೊರಗೆ ಹೋಗಿ ಬಂದರೆ ಹೊಸ್ತಿಲು ದಾಟುವ ಮುಂಚೆ "ಬಂದ್ರ್ಯಾ?" ಎನ್ನುತ್ತಿದ್ದಳು. ಬಂದದ್ದು ಕಾಣುತ್ತಿದ್ದರೂ ಕೇಳುತ್ತಿದ್ದಳು. ಎರಡು ವರ್ಷಕ್ಕೆ ನನ್ನ ಲೋಟದ ನೀರು ಅಲುಗಲು ಹಿಡಿಯಿತು. "ನೋಡ್ರಿ, ನೋಡ್ರಿ, ನಿಮ್ಮ ನೀರು ನಕ್ಕತು" ಎಂದು ಅವಳು ಓಣಿಯವರನ್ನೆಲ್ಲ ಕರೆದು ತೋರಿಸಿದಾಗ ನಾಚಿಕೆಯಿಂದ ನಾನು ಮಿಷನ್ನಿನ ಹಿಂದೆ ಕೂತೆ.

ಮದುವೆಯಾದ ಆರನೆಯ ವರ್ಷ ಅವಳಿಗೆ ನಿದ್ದೆ ಬಾರದಾಯಿತು. ಮೊದಲು ಎರಡು ದಿನ, ಆಮೇಲೆ ವಾರ, ಆಮೇಲೆ ತಿಂಗಳು. ತಲೆ ಸಿಡಿಯುತ್ತದೆ ಎಂದು ಪಟ್ಟಿ ಬಿಗಿದು ಕೂರುತ್ತಿದ್ದಳು. ಹೇಳಿದ್ದನ್ನೇ ಹೇಳುತ್ತಿದ್ದಳು, ಒಲೆಯ ಮೇಲೆ ಇಟ್ಟದ್ದನ್ನು ಮರೆಯುತ್ತಿದ್ದಳು. ಅವಳ ಹತ್ತಿರ ಇಟ್ಟ ಕೊಡದಿಂದ ನೀರು ತುಳುಕಿ ನೆಲ ಒದ್ದೆಯಾಗುತ್ತಿತ್ತು. ಒಂದು ಮಧ್ಯಾಹ್ನ ಚುರುಮುರಿ ತೆಗೆಯುವ ಜಾರಿ ಸೌಟು ಕೈಯಲ್ಲಿದೆ ಎಂದು ತಿಳಿದು ಬರಿಗೈಯನ್ನು ಕಾಯ್ದ ಮರಳಿಗೆ ಇಟ್ಟಳು. ಮುಂಗೈವರೆಗೆ ಬೊಬ್ಬೆ ಎದ್ದವು. ಗಿರಾಕಿಯೊಬ್ಬ ಕೂಗಿದ್ದು ಕೇಳಿ ನಾನು ಕತ್ತರಿ ಬಿಟ್ಟು ಓಡಿದೆ. ಅವಳು ತನ್ನ ಕೈಯನ್ನು ಬೇರೆಯವರ ಕೈ ಎಂಬಂತೆ ನೋಡುತ್ತ ನಿಂತಿದ್ದಳು.

ಬಾಯಾರ ಅಳತೆ ಮನೆಗೆ ಹೋಗೋಣ ಎಂದು ಹೇಳಿದವನು ನಾನೇ. ಅವಳಿಗೆ ಮನಸ್ಸಿರಲಿಲ್ಲ.

"ಆ ಜರಡೀನ? ಬ್ಯಾಡ್ರಿ. ಅದು ನನ್ನ ಬಾಯಿ ಕಟ್ಟಸತೈತಿ."

"ಬಾಯಿ ಯಾಕ ಕಟ್ಟಸತೈತಿ? ನಿದ್ದಿ ಬರಸತೈತಿ. ದುಂಡಪ್ಪನ ಮಗಳಿಗೆ ಫಿಟ್ಸ್ ನಿಂತಾವು, ನೀನ ಕಂಡಿಲ್ಲ?"

ಕೈಯ ಬಟ್ಟೆ ಬಿಚ್ಚಿ ಔಷಧಿ ಹಚ್ಚುವಾಗ ನನ್ನ ಕಣ್ಣಲ್ಲಿ ನೀರು ಬಂತು. ಅದನ್ನು ನೋಡಿ ಅವಳು ಒಪ್ಪಿದಳು.

ಅಳತೆಯ ದಿನ ನಾನೇ ಟೊಪ್ಪಿಗೆ ಕೂಡಿಸಿದೆ. ದಣಿದಿದ್ದಳು, ಆ ಸಲ ಸುಮ್ಮನೆ ಕೂತಳು. ಹಾಳೆಯಲ್ಲಿ ಹಣೆ ಕೆಂಪು, ಬಲಗಡೆಯ ಹಿಂದಲೆ ಕೆಂಪು. ಚುರುಕಿನ ಅಲೆ ಹೆಚ್ಚಾಗಿದೆ, ನಿಧಾನದ ಅಲೆ ಬರಬೇಕಾದ ಜಾಗದಲ್ಲಿ ಬರುತ್ತಿಲ್ಲ, ಹಾಳೆ ತೋರಿಸಿದ ಜಾಗಕ್ಕೇ ಚಿಕಿತ್ಸೆ ಕೊಡೋಣ ಎಂದರು ಬಾಯಾರು. ಅವರ ಚಿಕಿತ್ಸೆಯಲ್ಲಿ ಗುಳಿಗೆ ಇಲ್ಲ, ಸೂಜಿ ಇಲ್ಲ. ಆ ಎರಡು ಜಾಗಕ್ಕೆ ಬಿಲ್ಲೆ ಹಚ್ಚಿ, ತಂತಿಯನ್ನು ಮಿಷನ್ನಿಗೂ ಮಿಷನ್ನನ್ನು ಒಂದು ಸಣ್ಣ ಗಂಟೆಗೂ ಜೋಡಿಸುತ್ತಾರೆ. ತಲೆಯ ಅಲೆ ಸರಿ ತಲೆಯ ಅಲೆಗೆ ಹತ್ತಿರ ಬಂದರೆ ಗಂಟೆ ಬಾರಿಸುತ್ತದೆ. ದೂರ ಹೋದರೆ ನಿಲ್ಲುತ್ತದೆ.

"ನಾ ಏನ್ ಮಾಡಬೇಕ್ರಿ ಬಾಯಾರ?"

"ಏನೂ ಮಾಡಬ್ಯಾಡ. ಗಂಟಿ ಕೇಳಬೇಕು ಅಂತ ಕೂತಿರು. ದಾರಿ ತಲಿನ ಹುಡುಕತದ."

ಮೊದಲ ದಿನ ಅರ್ಧ ತಾಸಿನಲ್ಲಿ ಗಂಟೆ ಎರಡು ಸಲ ಬಾರಿಸಿತು. "ಈ ಗಂಟಿಗೆ ನನ್ನ ಮ್ಯಾಲ ಏನ್ ಹಗೀನೋ! ನಿಮ್ಮ ತಂಗೀನೇನ್ರಿ ಇದು?" ಎಂದು ನನ್ನನ್ನು ಬೈದಳು. ವಾರಕ್ಕೆ ಮೂರು ದಿನ ಹೋಗುತ್ತಿದ್ದೆವು. ಎಂಟನೆಯ ಸಲಕ್ಕೆ ಗಂಟೆ ಆಗಾಗ ಕೇಳತೊಡಗಿತು. ಹದಿನೈದನೆಯ ಸಲ ಮನೆಗೆ ಬಂದು, ಚಾಪೆ ಹಾಸುವಷ್ಟು ತಾಳ್ಮೆಯೂ ಇಲ್ಲದೆ, ಹಗಲಿನಲ್ಲಿ ಬರೀ ನೆಲದ ಮೇಲೆ ಮಲಗಿ ಸಂಜೆಯವರೆಗೆ ನಿದ್ದೆ ಮಾಡಿದಳು. ನಾನು ಅಂಗಡಿಗೆ ಬೀಗ ಹಾಕಿ ಪಕ್ಕದಲ್ಲಿ ಬೀಸಣಿಗೆ ಹಿಡಿದು ಕೂತೆ. ಆ ದಿನದಷ್ಟು ಸಂತೋಷ ನನಗೆ ಆಮೇಲೆ ಆಗಿಲ್ಲ.

ಇಪ್ಪತ್ತನೆಯ ಸಲಕ್ಕೆ ಗಂಟೆ ನಿಲ್ಲದೆ ಬಾರಿಸುತ್ತಿತ್ತು. ದಾರಿಯಲ್ಲಿ ಕೇಳಿದೆ, "ಗಂಟಿ ಬಾರಸುವಾಗ ತಲ್ಯಾಗ ಏನ್ ಅನಸತೈತಿ ನಿನಗ?"

 "ಏನೂ ಅನಸೂದಿಲ್ರಿ. ಯಾರೂ ನೆನಪಾಗೂದಿಲ್ಲ."

ಎಷ್ಟು ಒಳ್ಳೆಯದಾಯಿತು ಎಂದುಕೊಂಡೆ ನಾನು.

ನಲವತ್ತು ಸಲ ಮುಗಿದ ಮೇಲೆ ಮತ್ತೆ ಅಳೆದರು. ಹಾಳೆ ಪೂರಾ ಹಸಿರು. ಬಾಯಾರು ಅವಳ ಬೆನ್ನು ತಟ್ಟಿದರು. ಕೈಯ ಗಾಯ ಮಾಯ್ದಿತು, ತಲೆನೋವು ಹೋಯಿತು, ಮಲಗಿದ ತಕ್ಷಣ ನಿದ್ದೆ. ಚುರುಮುರಿ ಒಂದೂ ಕಪ್ಪಾಗದಂತೆ ಹುರಿಯುತ್ತಿದ್ದಳು. ಆದರೆ ದಾರಿಯಲ್ಲಿ ಹೋಗುವವರನ್ನು ಕೂಗಿ ಕರೆಯುವುದನ್ನು ಬಿಟ್ಟಳು. ಚೌಕಾಸಿ ಮಾಡಿದವರಿಗೆ ತಿರುಗಿ ಬೈಯುವುದನ್ನು ಬಿಟ್ಟಳು. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಕೇಳದಿದ್ದರೆ ಇಲ್ಲ. ನನಗೆ ತಡವಾದರೆ ತಾನು ಉಂಡು ನನ್ನದನ್ನು ಮುಚ್ಚಿಡುತ್ತಿದ್ದಳು. ಒಂದು ದಿನ ನಾನು ಪೇಟೆಯಿಂದ ಬಂದು ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಕೂತು, ಏನೋ ಆಗಬೇಕಾದದ್ದು ಆಗಲಿಲ್ಲ ಎನಿಸಿ ತಡಕಾಡಿದೆ. "ಬಂದ್ರ್ಯಾ" ಎಂದಿರಲಿಲ್ಲ ಅವಳು. ಮುಖದಲ್ಲಿ ಸಿಟ್ಟಿರಲಿಲ್ಲ, ಬೇಸರವಿರಲಿಲ್ಲ. ಕಿಟಕಿಯ ಕಡೆಗೆ ಮುಖ ಮಾಡಿ ಆರಾಮಾಗಿ ಕೂತಿದ್ದಳು.

ಅಷ್ಟು ಹೊತ್ತಿಗೆ ಊರಿನಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಆ ಕುರ್ಚಿಯಿಂದ ಎದ್ದು ಬಂದಿದ್ದರು. ನಿದ್ದೆ ಇಲ್ಲದವರು, ಸಿಟ್ಟಿನವರು, ಒಂದು ಕಡೆ ಕೂರದ ಮಕ್ಕಳು, ಬಾಯಿ ಮಾಡುವ ಸೊಸೆಯಂದಿರು. ಎಲ್ಲರಿಗೂ ಗುಣವಾಯಿತು. ಮನೆಗಳಲ್ಲಿ ತುಂಬಿದ ಲೋಟವನ್ನು ಮುಚ್ಚಳವಿಲ್ಲದೆ ಮುಂದೆ ಇಡುವ ಹೊಸ ರೂಢಿ ಬಂತು. ಕ್ಷೌರದವನು ಬಟ್ಟಲನ್ನು ಕಾಲಿನಿಂದ ಮೇಲಕ್ಕೆ ತಂದ. ಹೋಟೆಲಿನಲ್ಲಿ ಒಂದು ಬೆಂಚಿಗೆ ಒಬ್ಬರಂತೆ ಕೂರುತ್ತಿದ್ದರು. ಮದುವೆಗೆ ಜನ ಬಂದರು, ಉಂಡರು, ಹೋದರು. ಬಾಯಿಜಗಳದಲ್ಲೇ ಮೂವತ್ತು ವರ್ಷ ಒಟ್ಟಿಗಿದ್ದ ಅಣ್ಣತಮ್ಮಂದಿರಿಬ್ಬರು ಒಂದು ಮಾತೂ ಆಡದೆ ಮನೆಯ ನಡುವೆ ಗೋಡೆ ಎಬ್ಬಿಸಿಕೊಂಡರು. ಯಾರಿಗೂ ದುಃಖ ಎಂಬುದು ಇರಲಿಲ್ಲ. ಊರು ಸುಧಾರಿಸಿತು ಎಂದು ಎಲ್ಲರೂ ಹೇಳುತ್ತಿದ್ದರು, ಅದೂ ಕೇಳಿದರೆ.

ಆ ವರ್ಷದ ಬೇಸಿಗೆಯಲ್ಲಿ ಬೋರವ್ವ ಎಂಬ ನೇಕಾರಗಿತ್ತಿ ತನ್ನ ಹತ್ತು ವರ್ಷದ ಮಗಳು ಪಾರಿಯನ್ನು ಕರೆದುಕೊಂಡು ಬಂದಳು. ಹುಡುಗಿ ಇಡೀ ದಿನ ಮಾತಾಡುತ್ತಾಳೆ, ಆಡಿಗೂ ಹೆಸರಿಟ್ಟು ಕರೆಯುತ್ತಾಳೆ, ಕಂಡವರ ಮನೆಗೆಲ್ಲ ನುಗ್ಗುತ್ತಾಳೆ ಎಂಬುದು ತಾಯಿಯ ದೂರು. ನಾನು ಸಣ್ಣ ಟೊಪ್ಪಿಗೆ ಹಾಕಿದೆ. ಇಪ್ಪತ್ತು ಇಂಚು.

"ಅಜ್ಜಾ, ಇದರಾಗ ನನ್ನ ಕನಸು ಕಾಣತಾವೇನು?"

"ಇಲ್ಲವ್ವ. ಸುಮ್ಮನ ಕೂಡು."

"ಮತ್ತ ಏನ್ ಕಾಣತೈತಿ? ನಿನ್ನಿ ಕನಸಿನ್ಯಾಗ ನೀ ಬಂದಿದ್ದಿ, ನಿನಗ ಕೋಡು ಇದ್ದುವು."

ನಿಂಬೆವ್ವನ ಬಾಯಿಯೇ ಕೇಳಿದ ಹಾಗಾಗಿ ನನ್ನ ಕೈ ನಿಂತಿತು. ಹಾಳೆ ಬಂದಾಗ ಅಲ್ಲಲ್ಲಿ ಕೆಂಪು. ಸೋಮವಾರದಿಂದ ಗಂಟೆಗೆ ಕೂರಿಸೋಣ ಎಂದರು ಬಾಯಾರು. ಹುಡುಗಿ ಹೋದ ಮೇಲೆ ಆ ಹಾಳೆಯ ಹಸಿರು ಜಾಗದ ಮೇಲೆ ಬೆರಳಿಟ್ಟು ಕೇಳಿದೆ, "ಈ ಹಸರು ಯಾರದ್ರಿ ಬಾಯಾರ?"

"ಮರತ್ರ್ಯಾ? ನೀವ ತಂದಿದ್ದ ನಲವತ್ತು ಮಂದೀದು."

ಅಂಗಡಿಗೆ ಬಂದು ಕೂತೆ. ಹೊಲಿಗೆ ಕೈಗೆ ಹತ್ತಲಿಲ್ಲ. ಆ ನಲವತ್ತು ತಲೆಗಳನ್ನು ಒಂದೊಂದಾಗಿ ನೆನೆದೆ. ತಲೆಯ ಜೊತೆಗೆ ಮುಖ, ಮುಖದ ಜೊತೆಗೆ ಅವರಿಗೆ ನಾನು ಹೊಲಿದು ಕೊಟ್ಟದ್ದೆಲ್ಲ ನೆನಪಾಯಿತು. ಕಾಶಿಂಸಾಬನಿಗೆ ವರ್ಷಕ್ಕೊಂದು ತಲೆದಿಂಬಿನ ಚೀಲ. ಸಕ್ರವ್ವನಿಗೆ ಒಂದು. ಹೆಂಡತಿ ತೀರಿದ ಮೇಲೆ ಪರಪ್ಪ ಮಾಸ್ತರರಿಗೆ ಒಂದು. ಉಗ್ರಾಣದವನಿಗೆ ಒಂದು.  ಆ ನಲವತ್ತರಲ್ಲಿ ಯಾರಿಗೂ ನಾನು ಜೋಡಿ ದಿಂಬಿನ ಚೀಲ ಹೊಲಿದಿರಲಿಲ್ಲ. ಸುಮ್ಮನೆ ಕೂರುವವರು ಬೇಕು ಎಂದಾಗ, ಮನೆಯಲ್ಲಿ ಮಾತಾಡಿಸುವವರು ಇಲ್ಲದೆ ಸುಮ್ಮನೆ ಕೂರುವುದು ರೂಢಿಯಾದವರನ್ನೇ ಹುಡುಕಿ ಹುಡುಕಿ ತಂದಿದ್ದೆ. ಕೊನೆಗೆ ನಾನೂ ಕೂತಿದ್ದೆ. ನಮ್ಮೆಲ್ಲರನ್ನು ಕೂಡಿಸಿ ಅದಕ್ಕೆ ಸರಿ ತಲೆ ಎಂದು ಹೆಸರಿಟ್ಟರು. ಆರೇಳು ವರ್ಷ ಇಡೀ ಊರನ್ನು ಅದರ ಕಡೆಗೆ ಗಂಟೆ ಬಾರಿಸಿ ಕರೆದರು.

ಮರುದಿನ ಅಳತೆ ಮನೆಯ ಬಾಗಿಲು ತೆರೆಯುವ ಮುಂಚೆಯೇ ಹೋಗಿ ನಿಂತಿದ್ದೆ. ಎಲ್ಲ ಹೇಳಿದೆ. ಬಾಯಾರು ಕಪಾಟಿನಿಂದ ಆ ನಲವತ್ತು ಹಾಳೆಗಳನ್ನು ತೆಗೆದು ಮೇಜಿನ ಮೇಲೆ ಹರಡಿದರು. ಒಂದೊಂದನ್ನೂ ತೋರಿಸಿ, ಇವರು ಯಾರು, ಇವರ ಮನೆಯಲ್ಲಿ ಯಾರಿದ್ದರು ಎಂದು ಕೇಳಿದರು. ನಾನು ಹೇಳುತ್ತ ಹೋದೆ. ಹನ್ನೆರಡನೆಯದಕ್ಕೆ ಬಂದಾಗ ಅವರು ಕುರ್ಚಿಯ ಮೇಲೆ ಕೂತರು.

"ರೋಗ ಇಲ್ಲದವರನ್ನ ತರ್ರಿ ಅಂದಿದ್ದೆನಲ್ರಿ ನಾ?"

"ರೋಗ ಇರಲಿಲ್ರಿ ಅವರಿಗೆ. ಮನ್ಯಾಗ ಮಂದಿ ಇರಲಿಲ್ಲ."

 ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. "ತಪ್ಪು ನಿಮ್ಮದಲ್ಲ ಅಡಿವೆಪ್ಪನವರ" ಎಂದರು ಕೊನೆಗೆ. "ಹಾಳಿ ಸ್ವಚ್ಛ ಬಂತು ಅಂತ ಖುಷಿಪಟ್ಟೆ. ಯಾಕ ಅಷ್ಟು ಸ್ವಚ್ಛ ಬಂತು ಅಂತ ನಾನು ಕೇಳಬೇಕಿತ್ತು. ಕಲಿತಾಕಿ ನಾನು."

ಆ ದಿನವೇ ಗಂಟೆಯ ತಂತಿ ಬಿಚ್ಚಿದರು. ಪಾರಿಗೆ ಏನೂ ಆಗಿಲ್ಲ, ಕರೆದುಕೊಂಡು ಹೋಗು ಎಂದು ಬೋರವ್ವನನ್ನು ಕಳಿಸಿದರು. ಬೋರವ್ವ ಸಿಟ್ಟಿನಿಂದ ಬಾಗಿಲು ಬಡಿದು ಹೋದಳು. ಗಂಟೆಗೆ ಕೂತಿದ್ದ ಪ್ರತಿಯೊಬ್ಬರ ಮೊದಲ ಹಾಳೆ ಅವರ ಹತ್ತಿರ ಇತ್ತು. ತಪ್ಪಾಗಿದೆ, ಬೇಕಾದವರು ಬನ್ನಿರಿ, ಈ ಸಲ ಊರಿನ ತಲೆಗಲ್ಲ, ನಿಮ್ಮ ನಿಮ್ಮ ಮೊದಲ ತಲೆಗೆ ಹೊಂದಿಸಿ ಕೂರಿಸುತ್ತೇನೆ, ನಿದ್ದೆ ಕೆಡದಷ್ಟನ್ನು ಮಾತ್ರ ಉಳಿಸಿಕೊಳ್ಳೋಣ ಎಂದು ನನ್ನ ಕೈಯಲ್ಲಿ ಮನೆಮನೆಗೆ ಹೇಳಿ ಕಳಿಸಿದರು. ಹದಿನೈದು ದಿನ ಓಣಿ ಓಣಿ ತಿರುಗಿದೆ. ಎಲ್ಲರೂ ಮರ್ಯಾದೆಯಿಂದ ಕೇಳಿದರು. ಇನ್ನೂರರಲ್ಲಿ ಬಂದವರು ಮೂರು ಮಂದಿ. ಮೂವರನ್ನೂ ಮನೆಯವರು ಎಳೆದು ತಂದಿದ್ದರು.

ನಮ್ಮ ಮನೆಯಲ್ಲಿ ಹೇಳುವುದನ್ನು ಕೊನೆಗೆ ಇಟ್ಟುಕೊಂಡಿದ್ದೆ. ಒಂದು ಮಧ್ಯಾಹ್ನ ಊಟವಾದ ಮೇಲೆ ನಿಂಬೆವ್ವ ಕಡಲೆ ಆರಿಸುತ್ತಿದ್ದಾಗ ಎದುರಿಗೆ ಕೂತು ಹೇಳಿದೆ. ಕೈ ನಿಲ್ಲಿಸದೆ ಕೇಳಿದಳು.

"ಹಂಗಾರ ನನ್ನ ತಲಿ ಈಗ ಕಾಶಿಂಸಾಬಂದು, ಸಕ್ರವ್ವಂದು?"

"ನಂದೂ ಐತಿ ಅದರಾಗ. ನಿನ್ನ ಕೂಡ ಲಗ್ನ ಆಗೂಕಿಂತ ಮೊದಲಿನ ನಂದು."

"ಹೌದ್ರ್ಯಾ?" ಎಂದು ಮೊದಲ ಸಲ ತಲೆ ಎತ್ತಿದಳು. ಆ ಕಣ್ಣಿನಲ್ಲಿ ಹಳೆಯದೇನಾದರೂ ಕಾಣುತ್ತದೆಯೇ ಎಂದು ಹುಡುಕಿದೆ.

"ನಡಿ, ನಾಳಿಂದ ಹೋಗೋಣು. ಬಾಯಾರು ಹೊಳ್ಳಿ ಕೂಡಸತಾರ. ನಿನ್ನ ಹಾಳಿ ಐತಿ ಅವರ ಹತ್ರ."

"ಯಾಕ್ರಿ?"

 "ನೀ ಮಾತಾಡೂದಿಲ್ಲ" ಎಂದೆ.

"ಮಾತಾಡಾಕತ್ತೀನಲ್ಲ."

"ಹಂಗಲ್ಲ ನಿಂಬೆವ್ವಾ."

ಅವಳು ಮೊರವನ್ನು ಪಕ್ಕಕ್ಕೆ ಇಟ್ಟಳು. "ನನಗ ನಿದ್ದಿ ಬರತೈತ್ರಿ. ತಲಿ ನೋಯೂದಿಲ್ಲ. ಕೈ ಸುಟಗೊಳ್ಳೂದಿಲ್ಲ. ಏನೂ ಬೇಕು ಅನಸೂದಿಲ್ಲ. ಒಂದ ಮಾತು ಕೇಳತೀನಿ, ಖರೇ ಹೇಳ್ರಿ. ಆ ತಲಿ ನಿಮಗ ಇದ್ದಾಗ, ಹತ್ತೊಂಬತ್ತು ವರ್ಷ ಒಬ್ಬರ ಇದ್ರೆಲ್ಲ, ಆವಾಗ ಯಾರರ ಬೇಕು ಅನಸಿತ್ತೇನು ನಿಮಗ?"

ಸುಳ್ಳು ಹೇಳಬಹುದಿತ್ತು. ಆದರೆ ಮುಂದೆ ಕೂತವಳು ನಿಂಬೆವ್ವ. ನೆನಪು ಮಾಡಿಕೊಂಡೆ. ಮುಂಜಾನೆ ಏಳುವುದು, ಒಂದು ಲೋಟ ಚಹಾ, ಹೊಲಿಗೆ, ಒಂದು ತಾಟು ಊಟ, ನಿದ್ದೆ. ಅದರಲ್ಲಿ ಎಲ್ಲಿಯೂ ಒಂದು ತೂತು ಇರಲಿಲ್ಲ.

"ಇಲ್ಲ" ಎಂದೆ. "ಅನಸಿರಲಿಲ್ಲ."

"ಮತ್ತ?" ಎಂದು ಅವಳು ಮೊರ ಎತ್ತಿಕೊಂಡಳು.

ನಾನು ಅಲ್ಲಿಯೇ ಕೂತಿದ್ದೆ. ಈಗ ಬೇಕು ಅನ್ನಿಸುತ್ತದೆ, ನೀನು ಬಂದು ಅದನ್ನು ಕಲಿಸಿದೆ, ಈಗ ನಾನು ಏನು ಮಾಡಲಿ ಎಂದು ಹೇಳಬೇಕೆಂದು ಬಾಯಿ ತೆರೆದೆ. ಅವಳು ಕಲ್ಲು ಆರಿಸಿ ಒಂದು ಕಡೆ ಹಾಕುತ್ತಿದ್ದಳು. ಹೇಳಲಿಲ್ಲ.

ಹತ್ತು ದಿನ ಕಳೆದ ಮೇಲೆ ಅವಳೇ ಮಾತು ತೆಗೆದಳು. ಹೊಳೆಯಾಚೆಯ ಪೇಟೆಯಲ್ಲಿ ಒಂದು ಖೋಲಿ ಸಿಕ್ಕಿದೆ, ಮುಂದೆ ಒಲೆ ಹೂಡಲು ಜಾಗವಿದೆ ಎಂದಳು. ಸಿಟ್ಟೇನು ಎಂದು ಕೇಳಿದೆ. ಸಿಟ್ಟಿಲ್ಲ ಎಂದಳು. "ನೀವು ಆಗಾಗ ನನ್ನ ಮಾರಿ ನೋಡತೀರಿ. ಏನೋ ಕೊಡಬೇಕು ನಾ ನಿಮಗ, ಅದು ನನ್ನ ಹತ್ರ ಇಲ್ಲ. ಒಬ್ಬಾಕಿನ ಇದ್ರ ಇಬ್ಬರಿಗೂ ಚಲೋ." ಬಾಯಾರ ಹತ್ತಿರ ಓಡಿದೆ. ಒಲ್ಲದವರನ್ನು ಹಿಡಿದು ಆ ಕುರ್ಚಿಯಲ್ಲಿ ಕೂರಿಸುವುದಿಲ್ಲ, ಒಮ್ಮೆ ಮಾಡಿದ್ದು ಸಾಕು ಎಂದರು ಅವರು. ಅವರ ಕಣ್ಣು ಕೆಂಪಾಗಿದ್ದವು.

ಹೋಗುವ ದಿನ ನಿಂಬೆವ್ವ ಮನೆಯನ್ನು ಗುಡಿಸಿ, ಮೂರು ದಿನಕ್ಕಾಗುವಷ್ಟು ರೊಟ್ಟಿ ಬಡಿದು ಬಟ್ಟೆಯಲ್ಲಿ ಸುತ್ತಿಟ್ಟಳು. ಬೇಳೆ ಯಾವ ಡಬ್ಬಿಯಲ್ಲಿದೆ, ಹಾಲಿನವಳಿಗೆ ಏನು ಹೇಳಬೇಕು, ಎಲ್ಲ ತಿಳಿಸಿದಳು. ಅವಳ ಚೀಲವನ್ನು ನಾನು ಹೊತ್ತುಕೊಂಡು ಚೌಕದವರೆಗೆ ನಡೆದೆ. ಹೊಳೆದಂಡೆಗೆ ಹೋಗುವ ಟಂಟಂ ಆಟೋ ನಿಂತಿತ್ತು. ಒಳಗೆ ಮೊದಲೇ ಕೂತಿದ್ದ ಇಬ್ಬರು ಅಕ್ಕಪಕ್ಕದ ಓಣಿಯವರೇ, ಒಬ್ಬರ ಕಡೆ ಒಬ್ಬರು ನೋಡದೆ ಎರಡು ಮೂಲೆಯಲ್ಲಿ ಕೂತಿದ್ದರು. ಅವಳು ನಡುವೆ ಜಾಗ ಬಿಟ್ಟು ಕೂತಳು. ನಾನು ಚೀಲವನ್ನು ಅವಳ ಕಾಲ ಬಳಿ ಇಟ್ಟೆ. ಅವಳು ನನ್ನ ಕಡೆ ತಿರುಗಿ, ದಾರಿಯಲ್ಲಿ ಭಾರ ಎತ್ತಿಕೊಟ್ಟ ಯಾರಿಗೋ ಹೇಳುವ ಹಾಗೆ, ಸಮಾಧಾನದಿಂದ, "ಉಪಕಾರ ಆತ್ರಿ" ಎಂದಳು.

ನಿಂಬೆವ್ವ ಹೋದದ್ದು ಕಾರಹುಣ್ಣಿಮೆಯ ಮರುದಿನ, ಗುರುವಾರ.